ಸರ್ವಿಸ್ ಕೌಂಟರಿನಲ್ಲಿ ನಗುವಷ್ಟೇ ಸಾಲದು

ಕಾರು ಇಂದು ಗಂಡಸರಿಗೆ ಮಾತ್ರ ಸೇರಿದ ವಸ್ತುವಾಗಿ ಉಳಿದಿಲ್ಲ. ಪತಿ ದುಬೈಯಲ್ಲೋ ದಮ್ಮಾಮ್‌ನಲ್ಲೋ ದುಡಿಯುತ್ತಿದ್ದರೆ ಊರಿನಲ್ಲಿ ಮಕ್ಕಳನ್ನು ಶಾಲೆಗೆ ಬಿಡುವವರು, ಅತ್ತೆ ಮಾವಂದಿರನ್ನು ಆಸ್ಪತ್ರೆಗೆ ಕರೆದೊಯ್ಯುವವರು ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳೇ. ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಕಾರನ್ನು ಕಂಪೆನಿಯ ಸರ್ವಿಸ್ ಸೆಂಟರಿಗೆ ಒಯ್ಯುವ ಹೊಣೆಯೂ ಅವರ ಹೆಗಲಿಗೇ ಬಂದಿದೆ. ಅಲ್ಲಿ ನಿಮ್ಮನ್ನು ಮೊದಲು ಎದುರುಗೊಳ್ಳುವವರು ಯಾರೆಂದು ಗಮನಿಸಿದ್ದೀರಾ? ಕಾರು ರಿಪೇರಿ ಮಾಡುವ ಮೆಕ್ಯಾನಿಕ್ ಅಲ್ಲ. ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಕುತ್ತಿಗೆಯಲ್ಲಿ ಗುರುತಿನ ಚೀಟಿ ತೂಗಹಾಕಿಕೊಂಡು, ಕೈಯಲ್ಲಿ ಟ್ಯಾಬ್ ಅಥವಾ ಪ್ಯಾಡ್ ಹಿಡಿದು ನಿಂತ ಒಬ್ಬ ಯುವಕ ಅಥವಾ ಯುವತಿ. ಇವರನ್ನು ಸರ್ವಿಸ್ ಅಡ್ವೈಸರ್ ಎನ್ನುತ್ತಾರೆ.

ಕಾರಿಗೆ ಏನಾಗಿದೆ, ಏನನ್ನು ಬದಲಿಸಬೇಕು, ಎಷ್ಟು ಖರ್ಚಾದೀತು, ಎಷ್ಟು ಹೊತ್ತಿಗೆ ಸಿಗುತ್ತದೆ ಎಂಬುದೆಲ್ಲ ನಿಮಗೆ ತಿಳಿಯುವುದು ಇವರ ಬಾಯಿಯಿಂದಲೇ. ಆದ್ದರಿಂದ ಇವರಿಗೆ ಏನನ್ನು ಕಲಿಸಲಾಗಿದೆ ಎಂಬ ಪ್ರಶ್ನೆ ಡೀಲರ್‌ಗೆ ಮಾತ್ರ ಸಂಬಂಧಪಟ್ಟದ್ದಲ್ಲ. ಅದು ನಿಮ್ಮ ಪರ್ಸಿಗೂ ನಿಮ್ಮ ಮಕ್ಕಳು ಕುಳಿತು ಹೋಗುವ ಕಾರಿನ ಬ್ರೇಕಿಗೂ ಸಂಬಂಧಪಟ್ಟಿದೆ. ಇನ್ನೊಂದು ಕಾರಣವೂ ಉಂಟು. ಡಿಪ್ಲೊಮಾ, ಐಟಿಐ, ಬಿ.ಕಾಂ. ಮುಗಿಸಿದ ನಮ್ಮ ಮನೆಗಳ ಗಂಡು ಹೆಣ್ಣು ಮಕ್ಕಳು ಇಂತಹ ಕೌಂಟರುಗಳ ಹಿಂದೆ ಕೆಲಸಕ್ಕೆ ಸೇರುತ್ತಿದ್ದಾರೆ. ಅಂದರೆ ಆ ಕೌಂಟರಿನ ಈ ಬದಿಯಲ್ಲೂ ನಾವೇ, ಆ ಬದಿಯಲ್ಲೂ ನಾವೇ. ಅಲ್ಲಿ ನಡೆಯುವ ಮಾತುಕತೆಯ ಒಳಗುಟ್ಟನ್ನು ತಿಳಿದುಕೊಂಡರೆ ಎರಡು ಬದಿಯವರಿಗೂ ಲಾಭವಿದೆ.

ಮೇಸ್ತ್ರಿಯಿಂದ ಅಡ್ವೈಸರ್‌ವರೆಗೆ

ರಸ್ತೆಯಲ್ಲಿ ಹೆಚ್ಚಾಗಿ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳೇ ಕಾಣುತ್ತಿದ್ದ ಕಾಲವನ್ನು ಹಿರಿಯರು ನೆನಪಿಸಿಕೊಳ್ಳಬಲ್ಲರು. ಆಗ ಕಾರು ಕೆಟ್ಟರೆ ಊರಿನ ಗ್ಯಾರೇಜಿನ ಮೇಸ್ತ್ರಿಯ ಬಳಿ ಹೋಗುತ್ತಿದ್ದರು. ಗ್ರೀಸು ಮೆತ್ತಿದ ಕೈಯನ್ನು ಬಟ್ಟೆಯ ಚೂರಿಗೆ ಒರಸುತ್ತಾ ಮಾತನಾಡುವವರೂ ಅವರೇ, ಬಾನೆಟ್ ಎತ್ತಿ ರಿಪೇರಿ ಮಾಡುವವರೂ ಅವರೇ, ಕೊನೆಗೆ ಹಣ ಎಣಿಸಿಕೊಳ್ಳುವವರೂ ಅವರೇ. ಕೆಲಸ ಸರಿಯಾಗದಿದ್ದರೆ ಮರುದಿನ ಅವರನ್ನೇ ಹೋಗಿ ಕೇಳಬಹುದಿತ್ತು.

1983ರ ಡಿಸೆಂಬರ್‌ನಲ್ಲಿ ಮಾರುತಿ 800 ರಸ್ತೆಗಿಳಿಯಿತು. ಮಧ್ಯಮ ವರ್ಗದ ಮನೆಗಳಿಗೂ ಕಾರು ಬರತೊಡಗಿತು. ಅದರ ಬೆನ್ನಲ್ಲೇ ಕಂಪೆನಿಯಿಂದ ಮಾನ್ಯತೆ ಪಡೆದ ಸರ್ವಿಸ್ ಸೆಂಟರುಗಳ ಜಾಲ ಬೆಳೆಯಿತು. ತೊಂಬತ್ತರ ದಶಕದಲ್ಲಿ ಹೊರದೇಶದ ಕಂಪೆನಿಗಳೂ ಬಂದವು. ಬೆಂಗಳೂರಿನ ಹತ್ತಿರದ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ 1999ರಲ್ಲಿ ಉತ್ಪಾದನೆ ಆರಂಭಿಸಿತು. 2007ರಲ್ಲಿ ಅಲ್ಲಿಯೇ ಒಂದು ತಾಂತ್ರಿಕ ತರಬೇತಿ ಸಂಸ್ಥೆಯನ್ನೂ ಅದು ತೆರೆಯಿತು.

ಹೀಗೆ ಸರ್ವಿಸ್ ಸೆಂಟರುಗಳು ದೊಡ್ಡದಾದಂತೆ ಮೇಸ್ತ್ರಿಯ ಕೆಲಸ ಹಲವು ಪಾಲಾಯಿತು. ಮಾತನಾಡುವವರು ಒಬ್ಬರು, ರಿಪೇರಿ ಮಾಡುವವರು ಇನ್ನೊಬ್ಬರು, ಪರೀಕ್ಷಿಸಿ ನೋಡುವವರು ಮತ್ತೊಬ್ಬರು, ಬಿಲ್ ಮಾಡುವವರು ಮಗದೊಬ್ಬರು. ನಿಮ್ಮ ಮಾತು ಅಡ್ವೈಸರ್‌ನ ಕಿವಿಯಿಂದ ಜಾಬ್ ಕಾರ್ಡ್ ಎಂಬ ಕಾಗದಕ್ಕಿಳಿದು, ಆ ಕಾಗದ ಒಳಗಿರುವ ಮೆಕ್ಯಾನಿಕ್‌ನ ಕೈ ಸೇರುತ್ತದೆ. ಮೆಕ್ಯಾನಿಕ್ ನಿಮ್ಮ ಮುಖ ನೋಡಿರುವುದಿಲ್ಲ, ನೀವು ಅವನ ಮುಖ ನೋಡಿರುವುದಿಲ್ಲ. ನಡುವೆ ಸೇತುವೆಯಾಗಿರುವುದು ಆ ಅಡ್ವೈಸರ್ ಒಬ್ಬರೇ. ಸೇತುವೆ ಗಟ್ಟಿಯಿಲ್ಲದಿದ್ದರೆ ಒಳಗೆ ಎಂತಹ ನುರಿತ ಮೆಕ್ಯಾನಿಕ್ ಇದ್ದರೂ ಪ್ರಯೋಜನವಿಲ್ಲ.

ಕಲಿಸಬೇಕಾದ ಮೊದಲ ಪಾಠ: ಕೇಳಿಸಿಕೊಳ್ಳುವುದು

ಇವರಿಗೆ ತರಬೇತಿ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಕೈಮುಗಿದು ಸ್ವಾಗತಿಸುವುದು, ಮುಗುಳ್ನಗುವುದು, ಚೊಕ್ಕ ಬಟ್ಟೆ ತೊಡುವುದು, ನಾಲ್ಕು ಇಂಗ್ಲಿಷ್ ವಾಕ್ಯ ಮಾತನಾಡುವುದು. ಇವೆಲ್ಲ ಬೇಕಾದದ್ದೇ. ಆದರೆ ಇವು ತೋರಣವಷ್ಟೇ, ಮನೆ ಒಳಗಿದೆ.

ಒಂದು ಉದಾಹರಣೆ ನೋಡಿ. "ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿ ಅಂಗಳದಿಂದ ಹಿಂದಕ್ಕೆ ತೆಗೆಯುವಾಗ ಎಡಗಡೆಯ ಮುಂದಿನ ಚಕ್ರದ ಹತ್ತಿರ ಕಟಕಟ ಎನ್ನುತ್ತದೆ, ಸ್ವಲ್ಪ ದೂರ ಹೋದ ಮೇಲೆ ನಿಲ್ಲುತ್ತದೆ" ಎಂದು ನೀವು ಹೇಳುತ್ತೀರಿ. ಅವಸರದಲ್ಲಿರುವ ಅಡ್ವೈಸರ್ ಜಾಬ್ ಕಾರ್ಡಿನಲ್ಲಿ 'ಶಬ್ದ ಬರುತ್ತದೆ, ಪರೀಕ್ಷಿಸಿ' ಎಂದು ಬರೆಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಇಂಜಿನ್ ಬಿಸಿಯಾಗಿರುವಾಗ ಮೆಕ್ಯಾನಿಕ್ ಕಾರನ್ನು ಮುಂದಕ್ಕೆ ಓಡಿಸಿ ನೋಡುತ್ತಾನೆ. ಶಬ್ದವೇ ಇಲ್ಲ! ಸಂಜೆ "ಏನೂ ತೊಂದರೆ ಇಲ್ಲ ಮೇಡಂ" ಎಂದು ಕಾರನ್ನು ಕೈಗಿಡುತ್ತಾರೆ. ಮರುದಿನ ಬೆಳಿಗ್ಗೆ ಅಂಗಳದಲ್ಲಿ ಮತ್ತೆ ಕಟಕಟ. ಇಲ್ಲಿ ತಪ್ಪಿದ್ದು ರಿಪೇರಿಯಲ್ಲಿ ಅಲ್ಲ, ಬರೆದುಕೊಳ್ಳುವುದರಲ್ಲಿ. ಗ್ರಾಹಕರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಬೇಕು, ಬರೆದದ್ದನ್ನು ಅವರಿಗೇ ಓದಿ ಹೇಳಿ "ಸರಿಯೇ?" ಎಂದು ಕೇಳಬೇಕು ಎಂಬುದು ಈ ಕೆಲಸದ ಮೊದಲ ಪಾಠ.

ಒಳ್ಳೆಯ ಅಡ್ವೈಸರ್ ಒಳ್ಳೆಯ ವೈದ್ಯರಂತೆ ಪ್ರಶ್ನೆ ಕೇಳುತ್ತಾರೆ. ಯಾವಾಗಿನಿಂದ? ತಂಪಿರುವಾಗಲೋ ಬಿಸಿಯಾದ ಮೇಲೋ? ಬ್ರೇಕ್ ಒತ್ತಿದಾಗಲೋ ಸ್ಟೀರಿಂಗ್ ತಿರುಗಿಸಿದಾಗಲೋ? ಒಬ್ಬರೇ ಇದ್ದಾಗಲೂ ಬರುತ್ತದೆಯೋ, ಹಿಂದಿನ ಸೀಟಿನಲ್ಲಿ ಜನ ಕುಳಿತಾಗ ಮಾತ್ರವೋ? ಅಗತ್ಯ ಬಿದ್ದರೆ ನಿಮ್ಮೊಂದಿಗೆ ಕಾರಿನಲ್ಲಿ ಕುಳಿತು ಒಂದು ಸುತ್ತು ಬರುತ್ತಾರೆ.

ನಂತರದ ಪಾಠಗಳು ಹೀಗಿವೆ. ಗ್ರಾಹಕರ ಜೊತೆಯಲ್ಲೇ ಕಾರಿಗೆ ಒಂದು ಸುತ್ತು ಹಾಕಿ ಹಳೆಯ ಗೀರು, ತಗ್ಗುಗಳನ್ನು ಗುರುತು ಹಾಕಿಕೊಳ್ಳುವುದು. ಕಿಲೋಮೀಟರ್ ಮತ್ತು ಪೆಟ್ರೋಲಿನ ಮಟ್ಟ ಬರೆದುಕೊಳ್ಳುವುದು. ಕಾರಿನೊಳಗಿನ ಬೆಲೆಬಾಳುವ ವಸ್ತುಗಳನ್ನು ತೆಗೆದುಕೊಳ್ಳುವಂತೆ ನೆನಪಿಸುವುದು. ಕೆಲಸ ಶುರುವಾಗುವ ಮೊದಲೇ ಅಂದಾಜು ಖರ್ಚನ್ನು ಬರೆದು ತೋರಿಸಿ ಸಹಿ ಪಡೆಯುವುದು. ಮಧ್ಯದಲ್ಲಿ ಹೊಸ ಕೆಲಸ ಕಂಡುಬಂದರೆ ಫೋನ್ ಮಾಡಿ ಕೇಳದೆ ಮುಂದುವರಿಯದಿರುವುದು. ಹೇಳಿದ ಹೊತ್ತಿಗೆ ಕಾರು ಸಿಗುವುದಿಲ್ಲವೆಂದಾದರೆ ಗ್ರಾಹಕರು ಆಟೋ ಹಿಡಿದು ಬರುವ ಮೊದಲೇ ತಿಳಿಸುವುದು. ಕೊನೆಗೆ ಬಿಲ್ಲಿನ ಒಂದೊಂದು ಸಾಲನ್ನೂ ವಿವರಿಸುವುದು. ಎರಡು ಮೂರು ದಿನಗಳ ಬಳಿಕ ಫೋನ್ ಮಾಡಿ ವಿಚಾರಿಸುವುದು.

ಇವನ್ನು ಭಾಷಣದಿಂದ ಕಲಿಸಲು ಬರುವುದಿಲ್ಲ. ಒಬ್ಬರು ಸಿಟ್ಟಾದ ಗ್ರಾಹಕರಂತೆ, ಇನ್ನೊಬ್ಬರು ಅಡ್ವೈಸರ್‌ನಂತೆ ನಟಿಸಿ ಅಭ್ಯಾಸ ಮಾಡುವುದು ಎಲ್ಲೆಡೆ ರೂಢಿಯಲ್ಲಿರುವ ವಿಧಾನ. ಹೊಸಬರನ್ನು ಕೆಲವು ವಾರ ಅನುಭವಿಗಳ ಪಕ್ಕದಲ್ಲಿ ನಿಲ್ಲಿಸಬೇಕು. ಅದಕ್ಕಿಂತ ಮೊದಲು ಕೆಲವು ದಿನ ಒಳಗಿನ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್‌ಗಳ ಜೊತೆಗಿರಿಸಬೇಕು. ಬ್ರೇಕ್ ಪ್ಯಾಡ್ ಸವೆಯುವುದು ಹೇಗೆಂದು ಕಣ್ಣಾರೆ ನೋಡದವರು ಅದನ್ನು ಗ್ರಾಹಕರಿಗೆ ತಿಳಿಯುವ ಹಾಗೆ ಹೇಳುವುದು ಹೇಗೆ?

ಹದಿನೈದು ಸೆಕೆಂಡುಗಳು

ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್ ಎಂಬ ವಿಮಾನ ಸಂಸ್ಥೆ ನಷ್ಟದಲ್ಲಿದ್ದಾಗ 1981ರಲ್ಲಿ ಯಾನ್ ಕಾರ್ಲ್‌ಸನ್ ಎಂಬವರು ಅದರ ಮುಖ್ಯಸ್ಥರಾದರು. ಅವರು ಮಾಡಿದ ಒಂದು ಲೆಕ್ಕ ಜಗತ್ತಿನಾದ್ಯಂತ ಇಂತಹ ತರಬೇತಿಗಳಲ್ಲಿ ಇಂದಿಗೂ ಉಲ್ಲೇಖವಾಗುತ್ತದೆ. ವರ್ಷಕ್ಕೆ ಒಂದು ಕೋಟಿ ಪ್ರಯಾಣಿಕರು. ಪ್ರತಿಯೊಬ್ಬರೂ ಸುಮಾರು ಐವರು ಸಿಬ್ಬಂದಿಯನ್ನು ಭೇಟಿಯಾಗುತ್ತಾರೆ. ಒಂದೊಂದು ಭೇಟಿ ಸರಾಸರಿ 15 ಸೆಕೆಂಡು. ಅಂದರೆ ವರ್ಷಕ್ಕೆ ಐದು ಕೋಟಿ ಬಾರಿ, ಹದಿನೈದು ಹದಿನೈದು ಸೆಕೆಂಡುಗಳಲ್ಲಿ, ಸಂಸ್ಥೆಯ ಬಗ್ಗೆ ಜನರ ಅಭಿಪ್ರಾಯ ರೂಪುಗೊಳ್ಳುತ್ತದೆ. ದೊಡ್ಡ ಕಚೇರಿಯಲ್ಲಿ ಕುಳಿತ ಅಧಿಕಾರಿಗಿಂತ ಕೌಂಟರಿನಲ್ಲಿ ನಿಂತವರೇ ಸಂಸ್ಥೆಯ ನಿಜವಾದ ಮುಖ ಎಂಬುದು ಇದರ ಅರ್ಥ.

ಕಾರ್ಲ್‌ಸನ್ ಅಷ್ಟಕ್ಕೇ ನಿಲ್ಲಲಿಲ್ಲ. ಕೌಂಟರಿನವರಿಗೆ ತರಬೇತಿಯ ಜೊತೆಗೆ ತೀರ್ಮಾನಿಸುವ ಅಧಿಕಾರವನ್ನೂ ಕೊಡಬೇಕೆಂದರು. ಇದು ಬಹಳ ಮುಖ್ಯ. ನೂರು ರೂಪಾಯಿಯ ತಪ್ಪು ಬಿಲ್ಲಿನಿಂದ ತೆಗೆಯಲೂ ಮ್ಯಾನೇಜರ್‌ನ ಸಹಿಗಾಗಿ ಮುಕ್ಕಾಲು ಗಂಟೆ ಕಾಯಬೇಕಾದರೆ, ಆ ಯುವಕನಿಗೆ ಎಷ್ಟು ಚಂದದ ಮಾತು ಕಲಿಸಿದರೇನು?

ತರಬೇತಿಯನ್ನು ಸೋಲಿಸುವ ಕಮಿಷನ್

ಇಲ್ಲೊಂದು ನಿಜ ಘಟನೆಯನ್ನು ಹೇಳಲೇಬೇಕು. ಅಮೆರಿಕದಲ್ಲಿ ಸಿಯರ್ಸ್ ಎಂಬ ಹೆಸರಾಂತ ವ್ಯಾಪಾರ ಸಂಸ್ಥೆ ಕಾರು ದುರಸ್ತಿ ಕೇಂದ್ರಗಳನ್ನೂ ನಡೆಸುತ್ತಿತ್ತು. ತಲೆಮಾರುಗಳಿಂದ ಜನ ನಂಬಿದ್ದ ಹೆಸರು ಅದು. 1990ರ ಸುಮಾರಿಗೆ ಸಂಸ್ಥೆ ಸಂಬಳದ ಕ್ರಮವನ್ನು ಬದಲಿಸಿತು. ಸರ್ವಿಸ್ ಅಡ್ವೈಸರ್‌ಗಳಿಗೆ ಮಾರಿದ್ದಕ್ಕೆ ತಕ್ಕಂತೆ ಕಮಿಷನ್ ನಿಗದಿಯಾಯಿತು. ಒಂದು ಪಾಳಿಯಲ್ಲಿ ಇಷ್ಟು ಬ್ರೇಕ್ ಕೆಲಸ, ಇಷ್ಟು ವೀಲ್ ಅಲೈನ್‌ಮೆಂಟ್ ಮಾರಲೇಬೇಕು ಎಂಬ ಗುರಿ ನೀಡಲಾಯಿತು.

ಗ್ರಾಹಕರ ದೂರುಗಳು ಹೆಚ್ಚಿದಾಗ ಕ್ಯಾಲಿಫೋರ್ನಿಯಾದ ಸರಕಾರಿ ಇಲಾಖೆ ಗುಟ್ಟಾಗಿ ತನಿಖೆ ನಡೆಸಿತು. ಅಧಿಕಾರಿಗಳು ಸಾಮಾನ್ಯ ಗ್ರಾಹಕರಂತೆ ಕಾರು ಒಯ್ದರು. ಕಾರಿನ ಬ್ರೇಕಿನಲ್ಲಿ ಸಣ್ಣ ಕೆಲಸವೊಂದನ್ನು ಬಿಟ್ಟರೆ ಉಳಿದ ಭಾಗಗಳೆಲ್ಲ ಸರಿಯಾಗಿದ್ದುದನ್ನು ಮೊದಲೇ ಪರೀಕ್ಷಿಸಿಟ್ಟಿದ್ದರು. 38 ಬಾರಿ ಹೋದಾಗ 34 ಬಾರಿ ಅನಗತ್ಯ ಕೆಲಸಕ್ಕೆ ಹಣ ವಸೂಲಾಯಿತು ಎಂದು ಇಲಾಖೆ 1992ರ ಜೂನ್‌ನಲ್ಲಿ ಬಹಿರಂಗಪಡಿಸಿತು. ಬೇಕೆಂದೇ ಮೋಸ ಮಾಡಿಲ್ಲ ಎಂದು ಸಂಸ್ಥೆ ವಾದಿಸಿದರೂ, ತಪ್ಪುಗಳಾಗುವಂತಹ ವಾತಾವರಣವನ್ನು ತಾವೇ ಸೃಷ್ಟಿಸಿದ್ದೆವೆಂದು ಅದರ ಅಧ್ಯಕ್ಷರು ಒಪ್ಪಿಕೊಂಡರು. ಅಡ್ವೈಸರ್‌ಗಳ ಕಮಿಷನ್ ಮತ್ತು ಮಾರಾಟದ ಗುರಿಯನ್ನು ರದ್ದುಪಡಿಸಲಾಯಿತು. ಗ್ರಾಹಕರಿಗೆ ಪರಿಹಾರವಾಗಿ ಕೂಪನ್‌ಗಳನ್ನು ನೀಡಬೇಕಾಯಿತು.

ಈ ಘಟನೆಯಿಂದ ನಾವು ತಿಳಿಯಬೇಕಾದುದೇನು? ಅಲ್ಲಿದ್ದ ಅಡ್ವೈಸರ್‌ಗಳೆಲ್ಲ ಹುಟ್ಟು ಮೋಸಗಾರರಾಗಿದ್ದರೇ? ಖಂಡಿತ ಅಲ್ಲ. ಹೆಂಡತಿ ಮಕ್ಕಳನ್ನು ಸಾಕಬೇಕಾದ ಸಾಮಾನ್ಯ ನೌಕರರು. ಬೆಳಿಗ್ಗೆ ತರಗತಿಯಲ್ಲಿ 'ಗ್ರಾಹಕರಿಗೆ ಸತ್ಯ ಹೇಳಿ' ಎಂದು ಕಲಿಸಿ, ಸಂಜೆ 'ಇವತ್ತು ಎಷ್ಟು ಮಾರಿದೆ?' ಎಂದು ಕೇಳಿದರೆ ಅವರು ಯಾವುದನ್ನು ಕಲಿಯುತ್ತಾರೆ? ಸಂಬಳದ ಚೀಟಿ ಕಲಿಸುವ ಪಾಠವೇ ಕೊನೆಗೆ ಗೆಲ್ಲುತ್ತದೆ. ಆದ್ದರಿಂದ ಸಿಬ್ಬಂದಿಯ ನಡತೆ ಸರಿಯಿಲ್ಲವೆಂದು ದೂರುವ ಮಾಲೀಕರು ತಮ್ಮ ಇನ್ಸೆಂಟಿವ್ ಪಟ್ಟಿಯನ್ನೊಮ್ಮೆ ತೆರೆದು ನೋಡುವುದು ಒಳ್ಳೆಯದು.

ಇದೇ ಬಗೆಯ ಇನ್ನೊಂದು ಕಾಯಿಲೆ ಅಂಕಗಳದ್ದು. ಸರ್ವಿಸ್ ಮುಗಿದ ಬಳಿಕ "ನಮ್ಮ ಸೇವೆಗೆ ಎಷ್ಟು ಅಂಕ ಕೊಡುತ್ತೀರಿ?" ಎಂದು ಫೋನ್ ಬರುವುದು ನಿಮಗೂ ಗೊತ್ತು. ಗ್ರಾಹಕರ ಮನಸ್ಸು ತಿಳಿಯುವ ಒಳ್ಳೆಯ ಉದ್ದೇಶದಿಂದ ಆರಂಭವಾದ ಕ್ರಮವಿದು. ಆದರೆ ಆ ಅಂಕಕ್ಕೂ ನೌಕರನ ಸಂಬಳಕ್ಕೂ ಗಂಟು ಹಾಕಿದಾಗ ಏನಾಗುತ್ತದೆ? ಕೀಲಿ ಕೊಡುವ ಹೊತ್ತಿನಲ್ಲಿ "ಮೇಡಂ, ಫೋನ್ ಬಂದರೆ ದಯವಿಟ್ಟು ಹತ್ತಕ್ಕೆ ಹತ್ತು ಹೇಳಿ, ಇಲ್ಲದಿದ್ದರೆ ನನಗೆ ತೊಂದರೆ" ಎಂಬ ಬೇಡಿಕೆ ಶುರುವಾಗುತ್ತದೆ. ಕನಿಕರದಿಂದ ನೀವೂ ಹತ್ತು ಎನ್ನುತ್ತೀರಿ. ಕಾರಿನ ಶಬ್ದ ಹಾಗೆಯೇ ಇರುತ್ತದೆ, ಕಂಪೆನಿಯ ಕಡತದಲ್ಲಿ ಮಾತ್ರ ಎಲ್ಲವೂ ಚೆನ್ನಾಗಿರುತ್ತದೆ. ಇಂತಹ ಕನಿಕರದಿಂದ ಆ ಹುಡುಗನಿಗೂ ಉಪಕಾರವಾಗುವುದಿಲ್ಲ. ಅವನ ನಡತೆ ಚೆನ್ನಾಗಿದ್ದರೆ ಅದನ್ನು ಹೇಳಿ, ಕೆಲಸ ಸರಿಯಾಗದಿದ್ದರೆ ಅದನ್ನೂ ಹೇಳಿ. ಎರಡನ್ನೂ ಬೇರೆ ಬೇರೆಯಾಗಿ ಹೇಳಿದರೆ ದೋಷ ಎಲ್ಲಿದೆಯೆಂದು ಮೇಲಿನವರಿಗೆ ತಿಳಿಯುತ್ತದೆ.

"ಸರ್ ಬಂದಿಲ್ವಾ ಮೇಡಂ?"

ಈಗ ನಮಗೆ ಇನ್ನಷ್ಟು ಹತ್ತಿರದ ವಿಷಯಕ್ಕೆ ಬರೋಣ. ಕಾರು ನಿಮ್ಮ ಹೆಸರಿನಲ್ಲಿದೆ, ಓಡಿಸುವವರೂ ನೀವೇ, ಹಣ ಕೊಡುವವರೂ ನೀವೇ. ಆದರೂ ಕೌಂಟರಿನಲ್ಲಿ "ಸರ್ ಬಂದಿಲ್ವಾ ಮೇಡಂ? ಸರ್ ನಂಬರ್ ಕೊಡಿ, ನಾನು ಅವರ ಹತ್ತಿರ ಮಾತಾಡ್ತೇನೆ" ಎನ್ನುತ್ತಾರೆ. ಜೊತೆಯಲ್ಲಿ ಕಾಲೇಜಿಗೆ ಹೋಗುವ ತಮ್ಮನೋ ಮಗನೋ ಇದ್ದರೆ ನಿಮ್ಮನ್ನು ಬಿಟ್ಟು ಅವನ ಮುಖ ನೋಡಿ ವಿವರಿಸುತ್ತಾರೆ. ಎಷ್ಟೋ ಬಾರಿ ಇದರ ಹಿಂದೆ ಕೆಟ್ಟ ಉದ್ದೇಶವಿರುವುದಿಲ್ಲ. ಹೆಣ್ಣುಮಕ್ಕಳಿಗೆ ಕಾರಿನ ವಿಷಯ ತಿಳಿಯದೆಂಬ ರೂಢಿಯ ನಂಬಿಕೆ ಅಷ್ಟೇ. ಆದರೆ ಸಮುದ್ರದಾಚೆ ಕೆಲಸದಲ್ಲಿರುವ ಪತಿಗೆ ಫೋನ್ ಹೋಗಿ, ಶಬ್ದವನ್ನೇ ಕೇಳದ ಅವರು ಅಲ್ಲಿಂದಲೇ 'ಸರಿ, ಮಾಡಿಬಿಡಿ' ಎಂದರೆ ಆಗುವ ನಷ್ಟ ಯಾರಿಗೆ?

ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಕಣ್ತೆರೆಸುವಂತಿದೆ. ಗಂಡಸರೂ ಹೆಂಗಸರೂ ದುರಸ್ತಿ ಅಂಗಡಿಗಳಿಗೆ ಫೋನ್ ಮಾಡಿ, ಒಂದೇ ಮಾದರಿಯ ಕಾರಿನ ರೇಡಿಯೇಟರ್ ಬದಲಿಸಲು ಎಷ್ಟಾಗುತ್ತದೆಂದು ಕೇಳಿದರು. 'ಬೆಲೆ ಎಷ್ಟೆಂದು ನನಗೆ ಅಂದಾಜಿಲ್ಲ' ಎಂದಾಗ ಹೆಂಗಸರಿಗೆ ಗಂಡಸರಿಗಿಂತ ಹೆಚ್ಚಿನ ಬೆಲೆ ಹೇಳಲಾಯಿತು. ಆದರೆ '365 ಡಾಲರ್ ಆಗುತ್ತದೆಂದು ಕೇಳಿದ್ದೇನೆ' ಎಂದು ಮಾರುಕಟ್ಟೆಯ ಬೆಲೆಯನ್ನು ಹೇಳಿದಾಗ ಆ ವ್ಯತ್ಯಾಸ ಮಾಯವಾಯಿತು! ಇನ್ನೊಂದು ವಿಶೇಷವೆಂದರೆ, ಬೆಲೆ ಕಡಿಮೆ ಮಾಡಿ ಎಂದು ಕೇಳಿದಾಗ ಗಂಡಸರಿಗಿಂತ ಹೆಂಗಸರ ಮಾತಿಗೇ ಹೆಚ್ಚು ಬಾರಿ ಬೆಲೆ ಇಳಿಯಿತು.

ಅದು ಅಮೆರಿಕದ ಅಂಗಡಿಗಳ ಮಾತು. ಆದರೆ ಬಟ್ಟೆಯಂಗಡಿಯಲ್ಲಿ, ಮೀನಿನ ಮಾರುಕಟ್ಟೆಯಲ್ಲಿ ಧಾರಣೆ ತಿಳಿದುಕೊಂಡೇ ಬಾಯಿ ತೆರೆಯುವ ನಮಗೆ ಇದರ ಮರ್ಮ ಬಿಡಿಸಿ ಹೇಳಬೇಕಾಗಿಲ್ಲ. ತಿಳಿದುಕೊಂಡು ಹೋಗುವುದು ಅರ್ಧ ಕೆಲಸ, ಬಾಯಿಬಿಟ್ಟು ಕೇಳುವುದು ಇನ್ನರ್ಧ.

ಹೋಗುವ ಮೊದಲು, ಹೋದ ಮೇಲೆ

ಹಾಗಾದರೆ ಏನೇನು ತಿಳಿದುಕೊಂಡಿರಬೇಕು? ಇಂಜಿನಿಯರಿಂಗ್ ಓದಬೇಕಾಗಿಲ್ಲ. ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಒಂದು ಪುಸ್ತಕ ಇರುತ್ತದೆ. ಹಲವು ಮನೆಗಳಲ್ಲಿ ಅದರ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆದಿರುವುದಿಲ್ಲ. ಎಷ್ಟು ಕಿಲೋಮೀಟರಿಗೆ ಅಥವಾ ಎಷ್ಟು ತಿಂಗಳಿಗೆ ಏನನ್ನು ಪರೀಕ್ಷಿಸಬೇಕು, ಏನನ್ನು ಬದಲಿಸಬೇಕು ಎಂಬ ಪಟ್ಟಿ ಅದರಲ್ಲಿದೆ. ಹಲವು ಪೆಟ್ರೋಲ್ ಕಾರುಗಳಿಗೆ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಇವುಗಳಲ್ಲಿ ಯಾವುದು ಮೊದಲೋ ಆಗ ಸರ್ವಿಸ್ ಇರುತ್ತದೆ. ನಿಮ್ಮ ಕಾರಿಗೆ ಎಷ್ಟೆಂದು ಆ ಪುಟದಲ್ಲಿ ನೋಡಿಕೊಳ್ಳಿ. ಅಡ್ವೈಸರ್ ಸೂಚಿಸುವ ಕೆಲಸ ಆ ಪಟ್ಟಿಯಲ್ಲಿದ್ದರೆ ಸರಿ. ಇಲ್ಲದಿದ್ದರೆ "ಇದು ಪುಸ್ತಕದಲ್ಲಿಲ್ಲವಲ್ಲ, ಏಕೆ ಬೇಕು?" ಎಂದು ಕೇಳಿ. ಇಂಜಿನ್ ಫ್ಲಶ್, ಬಗೆಬಗೆಯ ಕೋಟಿಂಗ್, ಎ.ಸಿ. ಸುಗಂಧದ ಸೇವೆ ಮುಂತಾದವು ಹೆಚ್ಚಾಗಿ ಹೀಗೆ ನಡುವೆ ಸೇರಿಕೊಳ್ಳುತ್ತವೆ. ಬೇಡವೆನ್ನುವ ಹಕ್ಕು ನಿಮಗಿದೆ. ಬೇಡವೆಂದ ಮಾತ್ರಕ್ಕೆ ನೀವು ಜಿಪುಣರಾಗುವುದಿಲ್ಲ.

'ಫ್ರೀ ಸರ್ವಿಸ್' ಎಂದರೆ ಸಾಮಾನ್ಯವಾಗಿ ಕೂಲಿ ಮಾತ್ರ ಉಚಿತ. ಆಯಿಲ್, ಫಿಲ್ಟರ್ ಮುಂತಾದವಕ್ಕೆ ಹಣ ಕೊಡಬೇಕು. ಇದನ್ನು ಮೊದಲೇ ವಿವರಿಸುವುದು ಅಡ್ವೈಸರ್‌ನ ಕರ್ತವ್ಯ. ವಿವರಿಸದಿದ್ದರೆ ಕೇಳುವುದು ನಿಮ್ಮ ಜಾಣತನ.

ಬ್ರೇಕ್ ಪ್ಯಾಡ್ ಬದಲಿಸಬೇಕೆಂದರೆ "ಎಷ್ಟು ಮಿಲಿಮೀಟರ್ ಉಳಿದಿದೆ?" ಎಂದು ಕೇಳಿ. ಹೊಸ ಪ್ಯಾಡ್ ಸಾಮಾನ್ಯವಾಗಿ ಸುಮಾರು 10 ಮಿಲಿಮೀಟರ್ ದಪ್ಪವಿರುತ್ತದೆ. ಸವೆದು 3 ಮಿಲಿಮೀಟರಿನ ಹತ್ತಿರ ಬಂದಾಗ ಬದಲಿಸುವುದು ವಾಡಿಕೆ. ಈ ಒಂದು ಪ್ರಶ್ನೆಯಿಂದ ನಿಮ್ಮೊಂದಿಗೆ ಮಾತನಾಡುವ ಧಾಟಿಯೇ ಬದಲಾಗುವುದನ್ನು ನೋಡಿ. ಆದರೆ ನೆನಪಿಡಿ, ನಿಜವಾಗಿಯೂ ಸವೆದಿದ್ದರೆ ಹಣ ಉಳಿಸಲು ಹೋಗಬೇಡಿ. ಬ್ರೇಕ್, ಟಯರ್ ಮತ್ತು ಸ್ಟೀರಿಂಗ್ ವಿಷಯದಲ್ಲಿ ಮುಂದೂಡುವುದು ಪ್ರಾಣಾಪಾಯ. ಎಲ್ಲ ಅಡ್ವೈಸರ್‌ಗಳ ಎಲ್ಲ ಸಲಹೆಯನ್ನೂ ಸಂಶಯದಿಂದ ಕಾಣುವುದು ಎಲ್ಲವನ್ನೂ ನಂಬುವುದರಷ್ಟೇ ಕೆಟ್ಟದ್ದು.

ಬದಲಿಸಿದ ಹಳೆಯ ಭಾಗವನ್ನು ತೋರಿಸಲು ಕೆಲಸ ಶುರುವಾಗುವ ಮೊದಲೇ ಹೇಳಿಡಿ. ಅಂದಾಜು ಖರ್ಚಿನ ಪ್ರತಿಯನ್ನು ಕೇಳಿ ಪಡೆಯಿರಿ. "ನನ್ನನ್ನು ಕೇಳದೆ ಹೆಚ್ಚಿನ ಕೆಲಸ ಬೇಡ, ಈ ನಂಬರಿಗೆ ನನಗೇ ಫೋನ್ ಮಾಡಿ" ಎಂದು ಜಾಬ್ ಕಾರ್ಡಿನಲ್ಲೇ ಬರೆಸಿ. ಬಿಲ್ಲಿನಲ್ಲಿ ಬಿಡಿಭಾಗ, ಕೂಲಿ, ಜಿಎಸ್‌ಟಿ ಬೇರೆ ಬೇರೆಯಾಗಿ ಇದೆಯೇ ನೋಡಿ. ಹಳೆಯ ಬಿಲ್ಲುಗಳನ್ನು ಒಂದು ಫೈಲಿನಲ್ಲಿಡಿ. ಕಳೆದ ವರ್ಷ ಬದಲಿಸಿದ್ದನ್ನೇ ಈ ವರ್ಷ ಮತ್ತೆ ಬದಲಿಸಲು ಹೇಳಿದರೆ ಆ ಫೈಲೇ ನಿಮ್ಮ ಪರವಾಗಿ ಮಾತನಾಡುತ್ತದೆ.

ಇಷ್ಟಾದರೂ ಅನ್ಯಾಯವಾದರೆ ಮೊದಲು ಸರ್ವಿಸ್ ಮ್ಯಾನೇಜರ್‌ಗೆ, ಆಮೇಲೆ ಕಂಪೆನಿಗೆ ಬರಹದಲ್ಲಿ ದೂರು ಕೊಡಿ. ಅಲ್ಲೂ ಪರಿಹಾರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಿಂದ ಜಾರಿಯಲ್ಲಿದೆ. ಅದರಂತೆ ಸೇವೆಯಲ್ಲಿನ ಲೋಪಕ್ಕಾಗಿ ನೀವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ.

ಕೌಂಟರಿನ ಹಿಂದಿರುವ ನಮ್ಮ ಮಗಳು

ಇಷ್ಟು ಹೊತ್ತು ಕೌಂಟರಿನ ಈ ಬದಿಯಿಂದ ನೋಡಿದೆವು. ಇನ್ನು ಆ ಬದಿಗೆ ಹೋಗೋಣ. ಅಲ್ಲಿ ನಿಂತಿರುವ ಹುಡುಗಿ ನಿಮ್ಮ ಮಗಳೋ ತಂಗಿಯೋ ಪಕ್ಕದ ಮನೆಯವಳೋ ಇರಬಹುದು. ಬೆಳಿಗ್ಗೆ ಎಂಟೂವರೆಯಿಂದ ಹತ್ತೂವರೆಯವರೆಗೆ ಕಾರುಗಳ ಸಾಲು. ಪ್ರತಿಯೊಬ್ಬರಿಗೂ ಆಫೀಸಿಗೆ ಹೊತ್ತಾಗಿದೆ. ಸಂಜೆ ಕಾರು ಒಯ್ಯಲು ಮತ್ತೆ ಎಲ್ಲರೂ ಒಟ್ಟಿಗೆ ಬರುತ್ತಾರೆ. ಬಿಡಿಭಾಗ ಬಾರದಿದ್ದುದು ಅವಳ ತಪ್ಪಲ್ಲ, ಕೆಲಸ ತಡವಾದದ್ದೂ ಅವಳ ತಪ್ಪಲ್ಲ. ಆದರೆ ಬೈಗುಳ ಬೀಳುವುದು ಅವಳಿಗೆ. ಅವಳು ನಗುತ್ತಲೇ ನಿಲ್ಲಬೇಕು.

ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಗಗನಸಖಿಯರ ಬದುಕನ್ನು ಅಧ್ಯಯನ ಮಾಡಿ ಒಂದು ಪುಸ್ತಕ ಬರೆದರು. ಸಂಬಳಕ್ಕಾಗಿ ಮುಖದ ಮೇಲೆ ನಗುವನ್ನು ಇಟ್ಟುಕೊಳ್ಳುವುದು, ಸಿಟ್ಟನ್ನು ನುಂಗಿಕೊಳ್ಳುವುದು ಕೂಡಾ ಒಂದು ದುಡಿಮೆ, ಅದರಿಂದಲೂ ಮನುಷ್ಯ ದಣಿಯುತ್ತಾನೆ ಎಂದು ಅವರು ತೋರಿಸಿಕೊಟ್ಟರು. ಕೈಕಾಲಿನ ದಣಿವು ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಮನೆಗೆ ಬಂದ ಮಗಳು ಮಾತಿಲ್ಲದೆ ಮೂಲೆಯಲ್ಲಿ ಕುಳಿತರೆ "ದಿನವಿಡೀ ಎ.ಸಿ.ಯಲ್ಲಿ ಕೂತು ಬಂದವಳಿಗೆ ಏನು ದಣಿವು?" ಎಂದು ಕೇಳುವ ಮೊದಲು ಇದನ್ನು ಯೋಚಿಸಬೇಕು.

ಒಳ್ಳೆಯ ತರಬೇತಿ ಸಿಟ್ಟಾದವರನ್ನು ಎದುರಿಸುವ ಕ್ರಮವನ್ನೂ ಕಲಿಸುತ್ತದೆ. ಮೊದಲು ಪೂರ್ತಿ ಹೇಳಲು ಬಿಡಬೇಕು, ನಡುವೆ ಬಾಯಿ ಹಾಕಬಾರದು. ನಡೆದ ತೊಂದರೆಯನ್ನು ಒಪ್ಪಿಕೊಳ್ಳಬೇಕು. ಈಗ ಏನು ಮಾಡಲು ಸಾಧ್ಯ, ಎಷ್ಟು ಹೊತ್ತಿಗೆ ಸಾಧ್ಯ ಎಂದು ಖಚಿತವಾಗಿ ಹೇಳಬೇಕು. ಮೆಕ್ಯಾನಿಕ್‌ನ ಮೇಲೋ ಸ್ಟೋರಿನವರ ಮೇಲೋ ತಪ್ಪು ಹೊರಿಸಿ ಜಾರಿಕೊಳ್ಳಬಾರದು. ಆದರೆ ಸಹನೆಗೂ ಒಂದು ಎಲ್ಲೆ ಇದೆ. ಅವಹೇಳನದ ಮಾತು, ಹೆಣ್ಣೆಂದು ಸಲುಗೆ ತೆಗೆದುಕೊಳ್ಳುವ ನಡತೆ, ಕೆಲಸದ ನೆಪದಲ್ಲಿ ಮೊಬೈಲ್ ನಂಬರ್ ಪಡೆದು ರಾತ್ರಿ ಸಂದೇಶ ಕಳುಹಿಸುವುದು ಇವನ್ನೆಲ್ಲ 'ಗ್ರಾಹಕರೇ ದೇವರು' ಎಂಬ ಮಾತಿನಡಿ ಸಹಿಸಿಕೊಳ್ಳಬೇಕಾಗಿಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳದ ವಿರುದ್ಧ 2013ರಲ್ಲಿ ಬಂದ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಪ್ರತಿಯೊಂದು ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಲೇಬೇಕು. ಸಹೋದ್ಯೋಗಿಗಳಿಂದ ಮಾತ್ರವಲ್ಲ, ಅಲ್ಲಿಗೆ ಬಂದುಹೋಗುವ ಹೊರಗಿನವರಿಂದಲೂ ರಕ್ಷಣೆ ನೀಡುವುದು ಮಾಲೀಕರ ಹೊಣೆ. ಸಾಮಾನ್ಯವಾಗಿ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಕೆಲಸಕ್ಕೆ ಸೇರುವ ದಿನವೇ "ಆ ಸಮಿತಿಯಲ್ಲಿ ಯಾರಿದ್ದಾರೆ?" ಎಂದು ಕೇಳಲು ಮಗಳಿಗೆ ಹೇಳಿಕೊಡಿ. ಕಿರುಕುಳವಾದರೆ ಮನೆಯಲ್ಲಿ ಹೇಳುವ ಧೈರ್ಯವನ್ನೂ ಕೊಡಿ. 'ಹಾಗಿದ್ದರೆ ಕೆಲಸವೇ ಬೇಡ, ಮನೆಯಲ್ಲಿರು' ಎಂಬ ಉತ್ತರ ಸಿಗುತ್ತದೆಂಬ ಭಯದಿಂದಲೇ ಎಷ್ಟೋ ಹುಡುಗಿಯರು ಬಾಯಿ ಬಿಡುವುದಿಲ್ಲ.

ಕಲಿಸಲು ಬಲು ಕಷ್ಟವಾದ ಒಂದು ವಾಕ್ಯ

ಅಡ್ವೈಸರ್‌ಗಳಿಗೆ ಕಲಿಸಲು ಅತ್ಯಂತ ಕಷ್ಟವಾದ ವಾಕ್ಯ ಯಾವುದಿರಬಹುದು? "ನನಗೆ ಗೊತ್ತಿಲ್ಲ, ಒಳಗೆ ಕೇಳಿ ಬಂದು ಹೇಳುತ್ತೇನೆ" ಎಂಬುದು. ಗೊತ್ತಿಲ್ಲವೆಂದರೆ ಮರ್ಯಾದೆ ಹೋಗುತ್ತದೆಂಬ ಭಯದಿಂದ ಬಾಯಿಗೆ ಬಂದದ್ದನ್ನು ಹೇಳುವುದು ಎಲ್ಲ ಕೌಂಟರುಗಳಲ್ಲೂ ಇರುವ ದುರಭ್ಯಾಸ. ನಾಲ್ಕು ಗಂಟೆಗೆ ಸಿಗುತ್ತದೆಂದು ಹೇಳಿ ಏಳು ಗಂಟೆಗೆ ಕೊಡುವುದು ಇದರ ತಮ್ಮ. 'ಸ್ವಲ್ಪವೇ ಆಗುತ್ತದೆ' ಎಂದು ಹೇಳಿ ಉದ್ದದ ಬಿಲ್ ಕೊಡುವುದು ಇದರ ಅಣ್ಣ. ಗ್ರಾಹಕರು ಹೆಚ್ಚು ನೋಯುವುದು ಖರ್ಚಿನಿಂದಲ್ಲ, ಹೇಳಿದ್ದೊಂದು ಆದದ್ದೊಂದು ಎಂಬುದರಿಂದ. ಆರು ಗಂಟೆ ಎಂದು ಹೇಳಿ ಐದೂವರೆಗೆ ಕೊಡುವವರ ಬಳಿಗೆ ಜನ ಮತ್ತೆ ಬರುತ್ತಾರೆ.

ಈ ಪಾಠವನ್ನು ಕಂಪೆನಿಯ ಎರಡು ದಿನದ ತರಬೇತಿ ಪೂರ್ತಿಯಾಗಿ ಕಲಿಸಲಾರದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುವ, ಕೊಟ್ಟ ಮಾತಿಗೆ ನಿಲ್ಲುವ, ಎದುರಿಗಿರುವವರು ಹೇಳಿ ಮುಗಿಸುವವರೆಗೆ ಕಾಯುವ ಗುಣಗಳು ಮನೆಯಲ್ಲೇ ಬೇರು ಬಿಡಬೇಕು. ಮಗು ಲೋಟ ಒಡೆದದ್ದನ್ನು ತಾನಾಗಿ ಬಂದು ಹೇಳಿದಾಗ ಹೊಡೆಯದೆ ಕೇಳಿಸಿಕೊಳ್ಳುವ ತಾಯಿ, ತನಗೆ ಅರಿವಿಲ್ಲದೆಯೇ ನಾಳೆಯ ಒಬ್ಬ ಪ್ರಾಮಾಣಿಕ ನೌಕರನನ್ನು ತರಬೇತುಗೊಳಿಸುತ್ತಿದ್ದಾಳೆ.

ಮುಂದಿನ ಬಾರಿ ಕಾರನ್ನು ಸರ್ವಿಸ್‌ಗೆ ಒಯ್ದಾಗ ಜಾಬ್ ಕಾರ್ಡಿಗೆ ಸಹಿ ಹಾಕುವ ಮೊದಲು ಅದನ್ನು ಓದಿ. ಪ್ರಶ್ನೆ ಇದ್ದರೆ ಸಂಕೋಚವಿಲ್ಲದೆ ಕೇಳಿ. ಎದುರಿಗಿರುವ ಯುವಕನೋ ಯುವತಿಯೋ ತಾಳ್ಮೆಯಿಂದ ನಿಜವನ್ನು ಹೇಳಿದರೆ, "ಇದು ಈಗಲೇ ಬೇಡ ಮೇಡಂ, ಇನ್ನೂ ಐದು ಸಾವಿರ ಕಿಲೋಮೀಟರ್ ಓಡಿಸಬಹುದು" ಎಂದು ಹೇಳಿ ನಿಮ್ಮ ಹಣ ಉಳಿಸಿದರೆ, ಅವರ ಹೆಸರು ಕೇಳಿಕೊಳ್ಳಿ. ಆ ಹೆಸರನ್ನು ಅವರ ಮ್ಯಾನೇಜರ್‌ಗೂ ತಿಳಿಸಿ. ದೂರು ಕೊಡಲು ಫೋನ್ ಎತ್ತುವವರು ಬಹಳ ಮಂದಿ ಇದ್ದಾರೆ, ನಿಜ ಹೇಳಿದ್ದಕ್ಕೆ ಧನ್ಯವಾದ ಹೇಳಲು ಎತ್ತುವವರು ಕಡಿಮೆ.